ಅವ್ರಿಗೆ ನನ್ನ ಗುರ್ತ ಉಂಟಾ?

ಪ್ರಿನ್ಸ್‌ಟನ್ನಿಗೆ ಹತ್ತಿರದ ನಮ್ಮೂರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಭಾನುವಾರ ಬೆಳಗ್ಗೆ ನಾನು ಹತ್ತಾರು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಕಲಿಸುತ್ತೇನೆ ಎನ್ನುವುದಕ್ಕಿಂತ, ಅವರು ಇಂಗ್ಲಿಷಿನಲ್ಲಿ ಉತ್ತರಿಸುವುದನ್ನು ಕನ್ನಡದಲ್ಲಿ ಕೇಳಿಸಿಕೊಳ್ಳುತ್ತೇನೆ ಎಂದರೆ ನಿಜಕ್ಕೆ ಹತ್ತಿರ. ಮೊನ್ನೆ ಬಿಳಿ ಹಲಗೆಯ ಮೇಲೆ ಏಕವಚನ ಬಹುವಚನಗಳನ್ನು ಬರೆಯುತ್ತಿದ್ದೆ: ಮರ, ಮರಗಳು, ಹುಡುಗಿ, ಹುಡುಗಿಯರು, ತಮ್ಮ, ತಮ್ಮಂದಿರು. ಹಿಂದಿನ ಸಾಲಿನಲ್ಲಿ ಕೂತು ಜಾಕೆಟ್ಟಿನ ಜಿಪ್ಪನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತಿದ್ದ ಅನನ್ಯ ಎಂಬ ಪುಟ್ಟ ಹುಡುಗಿ ಕೈಯೆತ್ತಿ, “ಆಂಟಿ, ದೇವರು ಸಿಂಗ್ಯುಲರಾ, ಪ್ಲೂರಲಾ?” ಎಂದಳು.

ಕೈಯಲ್ಲಿದ್ದ ಮಾರ್ಕರ್ ಅಲ್ಲಿಯೇ ನಿಂತಿತು. ನೀವೇ ಹೇಳಿ, ಏನೆಂದು ಉತ್ತರಿಸುವುದು? ರೂಪ ನೋಡಿದರೆ ‘ಅವರು’, ‘ಇವರು’ಗಳ ಸಾಲಿನಲ್ಲಿ ಕೂರಬೇಕಾದ ಬಹುವಚನ. ಆದರೆ ಕಷ್ಟ ಬಂದಾಗ ನಾವು ‘ದೇವರಿದ್ದಾನೆ ಬಿಡು’ ಎಂದು ಏಕವಚನಕ್ಕೆ ಇಳಿಯುತ್ತೇವೆ, ಪುರೋಹಿತರ ಎದುರು ‘ದೇವರಿದ್ದಾರೆ’ ಎಂದು ಮತ್ತೆ ಏರುತ್ತೇವೆ. ಇನ್ನು ಕರಾವಳಿಯವರಂತೂ ಗಂಡು ಹೆಣ್ಣು, ಒಂದು ಹಲವು ಎಂಬ ಜಗಳವನ್ನೇ ಇಟ್ಟುಕೊಳ್ಳದೆ ‘ದೇವರು ಉಂಟು’ ಎಂದುಬಿಡುತ್ತಾರೆ. ಅನ್ನ ಉಂಟು, ಮಜ್ಜಿಗೆ ಉಂಟು, ನಾಳೆ ರಜೆ ಉಂಟು ಎಂದಷ್ಟೇ ಸಲೀಸಾಗಿ. ಲಿಂಗ ವಚನಗಳೇ ತೀರ್ಮಾನವಾಗದ ಪದವೊಂದನ್ನು ಸಾವಿರಾರು ವರ್ಷಗಳಿಂದ ನಾಲಗೆಯ ತುದಿಯಲ್ಲಿಟ್ಟುಕೊಂಡು, ಅದರ ಅರ್ಥ ಎಲ್ಲರಿಗೂ ಗೊತ್ತಿದೆಯೆಂಬಂತೆ ವಾದಿಸುತ್ತಾ, ಆಣೆಯಿಡುತ್ತಾ ಬಂದಿದ್ದೇವಲ್ಲ! “ಎರಡೂ ಹೌದು ಪುಟ್ಟಿ,” ಎಂದು ಹೇಳಿ ಪಾರಾದೆ. ಅವಳು ಅದನ್ನು ಶ್ರದ್ಧೆಯಿಂದ ಬರೆದುಕೊಂಡಳು. ನಾನು ಮಾತ್ರ ಕಾರು ಹತ್ತಿ ಮನೆಗೆ ಬರುವ ದಾರಿಯುದ್ದಕ್ಕೂ ಜಲಜಕ್ಕನನ್ನು ನೆನೆಯುತ್ತಾ ಬಂದೆ.

ಜಲಜಕ್ಕ ನನ್ನ ಗಂಡನ ಅಕ್ಕ. ಉಡುಪಿ ಕಡೆಯವರು. ನಾನು ಮೈಸೂರಿನವಳಾದ್ದರಿಂದ ನನಗೆ ‘ಇದೆ’ಯಾದದ್ದೆಲ್ಲ ಅವರ ಮನೆಯಲ್ಲಿ ‘ಉಂಟು’ ಆಗಿತ್ತು. ಕ್ವೀನ್ಸಿನ ಬೆಲ್‌ರೋಸಿನಲ್ಲಿ ಅವರ ಗಂಡ, ಅಂದರೆ ನಮ್ಮ ಭಾವ, ಒಂದು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಅದರ ಮೇಲಿನ ಮಹಡಿಯಲ್ಲೇ ಅವರಿಬ್ಬರ ವಾಸ. ಮಕ್ಕಳಿರಲಿಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕ ಹೋಟೆಲನ್ನು ಬೇರೆಯವರಿಗೆ ವಹಿಸಿ, ಮಹಡಿಯ ಮನೆಯಲ್ಲಿ ಒಬ್ಬರೇ ಉಳಿದರು. ಕೆಳಗಿನ ಅಡುಗೆಮನೆಯಿಂದ ಏರಿ ಬರುವ ಒಗ್ಗರಣೆಯ ಘಮದಲ್ಲೇ ಯಾವ ಅಡುಗೆಯವನು ರಜೆಯಲ್ಲಿದ್ದಾನೆಂದು ಹೇಳುತ್ತಿದ್ದರು. ತಿಂಗಳಿಗೊಮ್ಮೆ ಭಾನುವಾರ ನಾವಿಬ್ಬರೂ ನ್ಯೂಜೆರ್ಸಿಯಿಂದ ಎರಡು ಸೇತುವೆ ದಾಟಿ ಅಲ್ಲಿಗೆ ಊಟಕ್ಕೆ ಹೋಗುತ್ತಿದ್ದೆವು.

ಆ ಊಟದಲ್ಲಿ ತಂಬುಳಿ, ಹುಳಿ, ಸಂಡಿಗೆಗಳ ಜೊತೆಗೆ ದೇವರೂ ಇರುತ್ತಿದ್ದರು. ಬಡಿಸುತ್ತಿದ್ದವರು ನನ್ನ ಯಜಮಾನರು. ಇವರ ಹೆಸರು ಶ್ರೀನಿವಾಸ, ಅಕ್ಕನ ಬಾಯಲ್ಲಿ ಶೀನ. ಕ್ರ್ಯಾನ್‌ಬರಿಯ ಔಷಧ ಕಂಪೆನಿಯೊಂದರಲ್ಲಿ ಸಂಖ್ಯಾಶಾಸ್ತ್ರಜ್ಞರು; ಹೊಸ ಮಾತ್ರೆ ನಿಜವಾಗಿ ಗುಣಕೊಡುತ್ತದೆಯೋ, ಇಲ್ಲಾ ಬರೀ ಸಕ್ಕರೆ ಗುಳಿಗೆಯಷ್ಟೇ ಕೆಲಸ ಮಾಡುತ್ತದೆಯೋ ಎಂದು ಲೆಕ್ಕಹಾಕುವುದು ಇವರ ಹೊಟ್ಟೆಪಾಡು. ಇಂಥವರಿಗೆ ಹೆಸರಿನಲ್ಲೇ ಇರುವ ಶ್ರೀನಿವಾಸನ ಬಗ್ಗೆ ಗುಮಾನಿ. “ಮೊದ್ಲು ಡಿಫೈನ್ ಮಾಡು ಅಕ್ಕ, ಪ್ರೂವ್ ಮಾಡುದು ಆಮೇಲೆ,” ಎನ್ನುವುದು ಇವರ ಖಾಯಂ ಪಲ್ಲವಿ. “ಎಂತದನ್ನು ಅಳೀತೇವೆ ಅಂತ ಮೊದಲೇ ಬರೆದಿಡದಿದ್ರೆ ನಮ್ಮಲ್ಲಿ ಯಾವ ಪರೀಕ್ಷೆಯೂ ಶುರುವಾಗುದಿಲ್ಲ.”

“ಡಿಫೈನ್ ಮಾಡಿದ್ರೆ ನೀನು ನಂಬ್ತಿಯಾ?” ಎಂದು ಅಕ್ಕ ಕೇಳುತ್ತಿದ್ದರು.

“ನಂಬುದಿಲ್ಲ. ಆದ್ರೆ ಎಂತದನ್ನು ನಂಬುದಿಲ್ಲ ಅಂತಾದ್ರೂ ಗೊತ್ತಾಗ್ತದೆ.”

“ಎಂತ ಮಾರಾಯ ನೀನು! ಅನ್ನ ಆರ್ತಾ ಉಂಟು. ಮೊದ್ಲು ಉಣ್ಣು.”

ಒಮ್ಮೆ ಇವರು ನಮ್ಮ ಹಳೆಯ ತಾರ್ಕಿಕರ ಪಟ್ಟನ್ನೇ ಎತ್ತಿದರು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸಬಹುದು, ಏಕೆಂದರೆ ಹೊಗೆ ಬೆಂಕಿ ಎರಡನ್ನೂ ಅಡುಗೆಮನೆಯಲ್ಲಿ ಒಟ್ಟಿಗೆ ನೋಡಿದ್ದೇವೆ. ಆದರೆ ಜಗತ್ತನ್ನು ಕಂಡು ದೇವರನ್ನು ಊಹಿಸುವುದು ಹೇಗೆ, ಅವೆರಡನ್ನೂ ಒಟ್ಟಿಗೆ ನೋಡಿದವರು ಯಾರು ಎಂದು. ಅಕ್ಕ ದೋಸೆ ಮಗುಚುತ್ತಾ, “ಹೊಗೆ ಬಂದ್ರೆ ನಿನ್ನ ಮಾತು ಕೇಳ್ಲಿಕ್ಕೆ ನಿಂತು ನನ್ನ ದೋಸೆ ಕರಟಿತು ಅಂತ ಅರ್ಥ,” ಎಂದರು. ಅದೇ ಕ್ಷಣಕ್ಕೆ ಚಾವಣಿಯ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಮೂವರೂ ನಗುತ್ತಾ ಟವೆಲು ಬೀಸಿದೆವು. ಹೊಗೆಯಿಂದ ಬೆಂಕಿಯನ್ನು ಊಹಿಸುವ ಅನುಮಾನವೇ ಪ್ರಮಾಣವೆಂದು ಒಪ್ಪಿಕೊಂಡ ಯಂತ್ರ ಈ ದೇಶದಲ್ಲಿ ಮನೆಗೊಂದಿದೆಯಲ್ಲ ಎಂದು ನಾನು ಹೇಳಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಇಬ್ಬರಲ್ಲಿ ನಾನು ಯಾರ ಪಕ್ಷವೆಂದು ನೀವು ಕೇಳಬಹುದು. ನಾನು ದೀಪ ಹಚ್ಚಿ, ಅದು ಉರಿಯುತ್ತಿದೆಯೋ ಇಲ್ಲವೋ ಎಂದು ತಿರುಗಿ ನೋಡದೆ ಕೆಲಸಕ್ಕೆ ಹೊರಡುವ ಜಾತಿಯವಳು. ಅಕ್ಕನ ಭಕ್ತಿಯಾದರೋ ಬೇರೆಯದೇ ತರಹ. ಅಡುಗೆ ಕಟ್ಟೆಯ ಮೂಲೆಯಲ್ಲಿ, ಹಿಟ್ಟಿನ ಡಬ್ಬಗಳ ಪಕ್ಕದಲ್ಲಿ ಅವರ ದೇವರ ಗೂಡು. ಅದರ ಮುಂದೆ ನಿಂತು ಅವರು ಸ್ತೋತ್ರ ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ, ಮಾತಾಡುತ್ತಿದ್ದರು. “ಇವತ್ತು ಸ್ನೋ ಬೀಳ್ತದಂತೆ, ಡೆಲಿವರಿ ಹುಡುಗರ ಕಡೆ ಸ್ವಲ್ಪ ನೋಡಿಕೊಳ್ಳಿ. ನಿನ್ನೆ ಪಾಯಸಕ್ಕೆ ಬೆಲ್ಲ ಹೆಚ್ಚಾಯ್ತು, ಗೊತ್ತಾಯ್ತಲ್ಲ ನಿಮ್ಗೆ?” ಪಕ್ಕದ ಮನೆಯವರ ಜೊತೆ ಬೇಲಿಯ ಮೇಲಿಂದ ಮಾತಾಡುವ ಹಾಗೆ. ನಡುನಡುವೆ ಉತ್ತರ ಕೇಳಿಸಿಕೊಂಡವರಂತೆ ಒಂದಿಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವಿಕೆಯಲ್ಲಿ ಅವರಿಗೆ ಏನು ಕೇಳಿಸುತ್ತಿತ್ತೆಂದು ನಾನು ಎಂದೂ ಕೇಳಲಿಲ್ಲ. ಇನ್ನೊಬ್ಬರು ಫೋನಿನಲ್ಲಿದ್ದಾಗ ಕೋಣೆಯಿಂದ ಆಚೆ ಹೋಗುವ ಸೌಜನ್ಯವನ್ನೇ ಅಲ್ಲಿಯೂ ತೋರಿಸಿದೆ.

ಒಂದು ಭಾನುವಾರ ಮಾತ್ರ ಬೇರೆ ಥರ ನಡೆಯಿತು. ಊಟವಾಗಿತ್ತು. ಇವರು ಎಂದಿನಂತೆ ಡಿಫೈನ್ ಮಾಡು ಎಂದರು. ಅಕ್ಕ ಎಂದಿನಂತೆ ನಗಲಿಲ್ಲ. ಒಲೆ ಆರಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಕುರ್ಚಿಯೆಳೆದು ಕೂತರು. ನಾವಿದ್ದಾಗ ಅವರು ಕೂತಿದ್ದೇ ಅಪರೂಪ.

“ಇವತ್ತು ಹೇಳ್ತೇನೆ ಶೀನ. ನೀನು ಕೇಳಿ ಕೇಳಿ ನಂಗೂ ಯೋಚನೆ ಹತ್ತಿತು. ಇವ್ರು ಹೋದ ಮೇಲೆ ಒಬ್ಳೇ ಇದ್ದು ಇದ್ದು ನಂಗೆ ಒಂದು ವಿಷಯ ಗೊತ್ತಾಗಿದೆ. ದೇವರು ಅಂದ್ರೆ ಎಂತ ಅಂತ. ನೀನು ನೆಗಾಡಬಾರ್ದು, ಆಯ್ತಾ?”

“ನೆಗಾಡುದಿಲ್ಲ, ಹೇಳು.”

ಅಷ್ಟರಲ್ಲಿ ಇವರ ಫೋನು ಗುರುಗುಟ್ಟಿತು. ಸ್ಟೇಟನ್ ಐಲ್ಯಾಂಡಿಗೆ ದಾಟುವ ಸೇತುವೆಯ ಮೇಲೆ ಅಪಘಾತವಾಗಿದೆ, ಈಗಲೇ ಹೊರಟರೆ ಸರಿ, ತಡವಾದರೆ ರಾತ್ರಿಯವರೆಗೆ ದಾರಿಯಲ್ಲೇ ಎಂದು ನಕ್ಷೆ ಎಚ್ಚರಿಸುತ್ತಿತ್ತು. ಮರುದಿನ ಬೆಳಗ್ಗೆ ಇವರಿಗೊಂದು ದೊಡ್ಡ ಮೀಟಿಂಗ್ ಇತ್ತು. ನಾನು ಅಕ್ಕ ಕಟ್ಟಿಕೊಟ್ಟಿದ್ದ ಹುಳಿಯ ಡಬ್ಬಗಳನ್ನು ಆಗಲೇ ಚೀಲಕ್ಕೆ ತುಂಬುತ್ತಿದ್ದೆ. “ಮುಂದಿನ ಸಲ ಅಕ್ಕ, ಪೂರ್ತಿ ಕೇಳ್ತೇನೆ,” ಎಂದು ಇವರು ಎದ್ದರು. ಅಕ್ಕನಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಬಾಗಿಲವರೆಗೆ ಬಂದು, “ಆಯ್ತು ಹೋಗಿ, ನಿಧಾನ ಡ್ರೈವ್ ಮಾಡು. ದೇವರು ಎಲ್ಲಿಗೂ ಓಡಿ ಹೋಗುದಿಲ್ಲ,” ಎಂದು ನಕ್ಕರು.

ದೇವರು ಹೋಗಲಿಲ್ಲವೇನೋ. ಹೋದದ್ದು ಅಕ್ಕ, ಅದೂ ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ.

ಮುಂದಿನ ಭಾನುವಾರಗಳಲ್ಲಿ ಯಾರೋ ನೆಂಟರಿದ್ದರು, ಒಮ್ಮೆ ಹಬ್ಬ, ಒಮ್ಮೆ ಹಿಮ. ಆಮೇಲೊಮ್ಮೆ ಹುಳಿಗೆ ಎರಡು ಸಲ ಉಪ್ಪು ಬಿತ್ತು. ಪಾತ್ರೆಯೊಂದು ಒಲೆಯ ಮೇಲೆ ಕರಟಿ ತಳ ಒಡೆಯಿತು. ಒಂದು ಸಂಜೆ ಹಿಲ್‌ಸೈಡ್ ಅವೆನ್ಯೂವಿನ ದಿನಸಿ ಅಂಗಡಿಯಿಂದ ನಮಗೆ ಫೋನ್ ಬಂತು: “ಅಂಕಲ್, ಜಲಜಾ ಆಂಟಿ ಇಲ್ಲೇ ಕೂತಿದ್ದಾರೆ. ಮನೆ ಯಾವ ಕಡೆ ಅಂತ ಕೇಳ್ತಿದ್ದಾರೆ.” ಅವರ ಮನೆ ಆ ಅಂಗಡಿಯ ಎದುರು ಸಾಲಿನಲ್ಲೇ ಇತ್ತು. ಅಂದೇ ಹೋಗಿ ಕರೆದುಕೊಂಡು ಬಂದೆವು. ಪ್ರಿನ್ಸ್‌ಟನ್ನಿನ ನರತಜ್ಞೆ ಮೂರು ಪದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು, ಗಡಿಯಾರದ ಚಿತ್ರ ಬರೆಸಿದರು, ಇದು ಯಾವ ಋತು ಎಂದು ಕೇಳಿದರು. ಅಕ್ಕ ಕಿಟಕಿಯಾಚೆ ನೋಡಿ, “ಚಳಿ ಉಂಟು,” ಎಂದರು. ಕಾಯಿಲೆಯ ಹೆಸರು ನಮಗೆ ಮೊದಲೇ ಗೊತ್ತಿತ್ತು. ತಜ್ಞೆ ಅದನ್ನು ಮೆಲ್ಲಗೆ, ಒಳ್ಳೆಯ ಮಾತಿನಲ್ಲಿ ಹೇಳಿದರು.

ಕೆಲಸದಿಂದ ನಾನು ಆ ವರ್ಷವೇ ನಿವೃತ್ತಳಾದೆ. ಇವರು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದರು. ಮೊದಮೊದಲು ಅಕ್ಕ ನಮ್ಮ ದೇವರ ಮುಂದೆಯೂ ಬೆಳಗ್ಗೆ ನಿಂತು ಮಾತಾಡುತ್ತಿದ್ದರು. ಹೊಸ ಜಾಗದ ಬಗ್ಗೆ, ಹಿತ್ತಿಲಿಗೆ ಬಂದು ನನ್ನ ಗಿಡಗಳನ್ನು ತಿನ್ನುವ ಜಿಂಕೆಗಳ ಬಗ್ಗೆ ವರದಿ ಒಪ್ಪಿಸುತ್ತಿದ್ದರು. ಆ ದಿನಗಳಲ್ಲೇ ಒಮ್ಮೆ ಇವರು ಪಕ್ಕದಲ್ಲಿ ಕೂತು, “ಅಕ್ಕ, ಅವತ್ತು ಬೆಲ್‌ರೋಸಿನಲ್ಲಿ ಎಂತದೋ ಹೇಳ್ಲಿಕ್ಕೆ ಹೊರಟಿದ್ದೆಯಲ್ಲ, ದೇವರು ಅಂದ್ರೆ ಎಂತ ಅಂತ?” ಎಂದು ಕೇಳಿದರು. ಸ್ವರದಲ್ಲಿ ತಮಾಷೆಯಿರಲಿಲ್ಲ. ಅಕ್ಕ ಬಹಳ ಹೊತ್ತು ಹುಬ್ಬುಗಂಟಿಕ್ಕಿ ಹುಡುಕಿದರು. ಡಬ್ಬದ ತಳಕ್ಕೆ ಕೈ ಹಾಕಿ ತಡಕುವ ಹಾಗೆ. ಆಮೇಲೆ, “ನಾನಾ? ನಾನೆಂತ ಹೇಳ್ಲಿಕ್ಕಿತ್ತು?” ಎಂದರು. ಇವರು ಮತ್ತೆ ಒತ್ತಾಯಿಸಲಿಲ್ಲ.

ಆ ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಬೆಳಗ್ಗೆ ನಾನು ಮಂಗಳಾರತಿ ತಟ್ಟೆ ಹಿಡಿದಿದ್ದೆ. ಅಕ್ಕ ಪಕ್ಕದಲ್ಲಿ ನಿಂತು ಪಟಗಳನ್ನೆಲ್ಲ ಒಂದೊಂದಾಗಿ ನೋಡಿದರು. ಲಕ್ಷ್ಮಿಯನ್ನು, ಕೃಷ್ಣನನ್ನು, ನನ್ನ ಅಜ್ಜಿಯ ಕಾಲದ ನರಸಿಂಹನನ್ನು. ಆಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು: “ಇವ್ರೆಲ್ಲ ಯಾರು? ನಿನ್ನ ಕಡೆಯವ್ರಾ?”

ನನಗೆ ನಗು ಬಂತು. ನಗು ಮುಗಿಯುವ ಮೊದಲೇ ತಟ್ಟೆಯನ್ನು ಕೆಳಗಿಟ್ಟೆ. “ಹೂಂ ಅಕ್ಕ, ನಮ್ಮ ಕಡೆಯವ್ರೇ,” ಎಂದೆ.

ದೇವರ ಬಗೆಗಿನ ದೊಡ್ಡ ದೊಡ್ಡ ವಾದಗಳೆಲ್ಲ ಎಷ್ಟು ಆರೋಗ್ಯವಂತರಿಗಾಗಿ ಕಟ್ಟಿದವು ಎಂದು ನಾನು ಆಗ ಯೋಚಿಸತೊಡಗಿದೆ. ನಂಬುವವನಿಗೂ ನಂಬದವನಿಗೂ ಒಂದೇ ಅನುಕೂಲವಿದೆ: ಇಬ್ಬರಿಗೂ ಆ ಪದ ಗೊತ್ತು. ಪದವೇ ಜಾರಿಹೋದವರ ಗತಿ? ಬದುಕಿಡೀ ಮಾತಾಡಿಸಿದವರ ಹೆಸರೇ ಮರೆತರೆ, ಆ ಮಾತುಗಳೆಲ್ಲ ಯಾರ ಲೆಕ್ಕಕ್ಕೆ? ಅಕ್ಕನ ಭಕ್ತಿ ಮುಗಿಯಿತು ಎನ್ನಬೇಕೋ, ಅದಕ್ಕೂ ಅಕ್ಕನಿಗೂ ನಡುವಿನ ದಾರಿ ಮಾತ್ರ ಮುಚ್ಚಿತು ಎನ್ನಬೇಕೋ? ಈ ಪ್ರಶ್ನೆ ಒಂದು ದಿನ ನಮ್ಮ ಅಡುಗೆಮನೆಯ ಮೇಜಿಗೇ ಬಂದು ಕೂತಿತು.

ಅದೊಂದು ಮಧ್ಯಾಹ್ನ. ಇವರು ಮನೆಯಿಂದ ಕೆಲಸ ಮಾಡುವ ದಿನ. ಊಟಕ್ಕೆ ಮಾಳಿಗೆಯಿಂದ ಇಳಿದು ಬಂದು ಅಕ್ಕನಿಗೆ ಮೊಸರನ್ನ ಕಲಸಿ ತುತ್ತು ಕೊಡುತ್ತಿದ್ದರು. ನಾನು ಸಿಂಕಿನ ಬಳಿ ನಿಂತು, “ದೇವರ ದಯ, ಇವತ್ತು ಸರಿಯಾಗಿ ಉಂಡರು,” ಎಂದೆ. ಬಾಯಿಗೆ ಬರುವ ಮಾತು, ಅಷ್ಟೇ.

ಅಕ್ಕ ತಲೆಯೆತ್ತಿದರು. “ದೇವರು ಅಂದ್ರೆ ಯಾರು?”

ಇವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಇವರು ನನ್ನನ್ನು ನೋಡಿದರು. ಏನಾದರೂ ಹೇಳು ಎಂಬ ನೋಟ. ನಾನು ಸಿಂಕಿನತ್ತ ತಿರುಗಿದೆ. ಆಮೇಲೆ ಇವರೇ ಶುರುಮಾಡಿದರು. ಎಂದೂ ಯಾರ ವ್ಯಾಖ್ಯೆಯನ್ನೂ ಒಪ್ಪದವರು.

“ದೇವರು ಅಂದ್ರೆ… ಈ ಜಗತ್ತನ್ನೆಲ್ಲ ಮಾಡಿದವ್ರು, ಅಕ್ಕ.”

“ಎಲ್ಲ? ಒಬ್ರೆಯಾ?” ಅಕ್ಕನಿಗೆ ಅದು ರುಚಿಸಲಿಲ್ಲ. “ಸುಸ್ತಾಗುದಿಲ್ವಾ?”

“ಎಲ್ಲ ಕಡೆ ಇರ್ತಾರೆ. ಎಲ್ಲ ಗೊತ್ತಿರ್ತದೆ ಅವ್ರಿಗೆ.”

ಅಕ್ಕ ಕಿಟಕಿಯ ಕಡೆ ತಿರುಗಿಬಿಟ್ಟರು. ಹಿತ್ತಿಲಿನಲ್ಲಿ ಅಳಿಲೊಂದು ಬೇಲಿಯ ಮೇಲೆ ಓಡುತ್ತಿತ್ತು. ಜಗತ್ಕರ್ತ, ಸರ್ವವ್ಯಾಪಿ, ಸರ್ವಜ್ಞ: ಪಂಡಿತರು ಶತಮಾನಗಳಿಂದ ಹೊಳಪಿಟ್ಟ ವಿಶೇಷಣಗಳು ಒಂದು ಅಳಿಲಿನ ಮುಂದೆ ನಿಲ್ಲಲಿಲ್ಲ. ಇವರು ತಟ್ಟೆಯನ್ನು ಕೆಳಗಿಟ್ಟರು. ಮತ್ತೆ ಮಾತಾಡಿದಾಗ ಇವರ ಭಾಷೆ ಪೂರ್ತಿ ಚಿಕ್ಕಂದಿನದಾಗಿತ್ತು.

“ನೀನು ದಿನಾ ಬೆಳಿಗ್ಗೆ ಅವ್ರತ್ರ ಮಾತಾಡ್ತಿದ್ದೆ ಅಕ್ಕ. ಸ್ನೋ ಬಿದ್ರೆ ಹೇಳ್ತಿದ್ದೆ. ಪಾಯಸಕ್ಕೆ ಬೆಲ್ಲ ಹೆಚ್ಚಾದ್ರೆ ಹೇಳ್ತಿದ್ದೆ. ಭಾವ ಹೋದ ದಿನ ಒಂದೇ ಒಂದು ಮಾತೂ ಆಡ್ಲಿಲ್ಲ ನೀನು, ಸುಮ್ನೆ ಅವ್ರೆದುರು ಕೂತಿದ್ದೆ. ಮರುದಿನ ಮತ್ತೆ ಮಾತಾಡಿದೆ.”

ಅಕ್ಕ ಈಗ ಪೂರ್ತಿ ಇವರ ಕಡೆ ತಿರುಗಿದ್ದರು. “ಹಾಗಾದ್ರೆ ನಂಗೆ ಅವ್ರ ಗುರ್ತ ಉಂಟಾ?”

“ಉಂಟು. ತುಂಬಾ ಗುರ್ತ.”

“ನಂಗೆ ನೆನಪಾಗುದಿಲ್ಲ.” ಅವರ ಮುಖದಲ್ಲಿ ನಾಚಿಕೆ ಮೂಡಿತು, ಬೇಕಾದವರನ್ನು ಮದುವೆಮನೆಯಲ್ಲಿ ಗುರುತಿಸದೆ ಹೋದವರ ನಾಚಿಕೆ. ಆಮೇಲೆ ಬಹಳ ಮೆಲ್ಲಗೆ ಕೇಳಿದರು: “ಅವ್ರಿಗೆ ನನ್ನ ಗುರ್ತ ಉಂಟಾ?”

ನಾನು ನೀರಿನ ನಲ್ಲಿ ನಿಲ್ಲಿಸಿದ್ದೆ. ದೇವರಿದ್ದಾರೆ ಎನ್ನಲು ಪುರಾವೆ ಸಾಲದು ಎಂದು ನಲವತ್ತು ವರ್ಷ ಹೇಳಿಕೊಂಡು ಬಂದ ಮನುಷ್ಯನಿಗೆ, ಆ ದೇವರಿಗೆ ತನ್ನ ಅಕ್ಕನ ನೆನಪಿದೆಯೇ ಎಂಬ ಪ್ರಶ್ನೆ. ಇಲ್ಲ ಎನ್ನಲು ನಾಲಗೆ ಹೇಗೆ ಬಂದೀತು? ಹೌದು ಎನ್ನಲು ಮನಸ್ಸು ಹೇಗೆ ಒಪ್ಪೀತು?

“ಉಂಟು ಅಕ್ಕ,” ಎಂದರು ಇವರು. “ನಿಂಗೆ ಮರ್ತರೂ ಅವ್ರಿಗೆ ಉಂಟು.”

“ಹಾಗಾದ್ರೆ ಅಡ್ಡಿಲ್ಲ,” ಎಂದು ಅಕ್ಕ ಬಾಯಿ ತೆರೆದರು. ಇವರು ಉಳಿದ ತುತ್ತುಗಳನ್ನು ಕೊಟ್ಟು ಮುಗಿಸಿದರು.

ಅಕ್ಕ ಮಲಗಿದ ಮೇಲೆ ಇವರು ಗ್ಯಾರೇಜಿನಲ್ಲಿ ಹಿಮ ಎತ್ತುವ ಸಲಿಕೆಯನ್ನು ಸುಮ್ಮನೆ ಒರೆಸುತ್ತಾ ನಿಂತಿದ್ದರು. “ನಾನು ಸುಳ್ಳು ಹೇಳಿದ್ನಾ?” ಎಂದು ಕೇಳಿದರು.

“ನಂಗೊತ್ತಿಲ್ಲ ರೀ.”

“ಆಫೀಸಲ್ಲಿ ನಾವು ಯಾವುದನ್ನೂ ಪ್ರೂವ್ ಮಾಡೋದೇ ಇಲ್ಲ, ಗೊತ್ತಾ. ಇದು ಕೆಲಸ ಮಾಡೋದಿಲ್ಲ ಅನ್ನೋದು ಕಷ್ಟ ಅಂತ ಮಾತ್ರ ಹೇಳ್ತೀವಿ.” ಸಲಿಕೆಯನ್ನು ಗೋಡೆಗೊರಗಿಸಿ, “ಅವಳು ಹೇಳ್ಬೇಕು ಅಂತಿದ್ದಿದ್ದು ಇದು ಖಂಡಿತ ಅಲ್ಲ. ನಾನು ಹೇಳಿದ್ದು ಬರೀ ನಾನು ಹೊರಗಿಂದ ನೋಡಿದ್ದು,” ಎಂದರು.

ಆ ಮಾತು ನನ್ನೊಳಗೆ ಈಗಲೂ ಚುಚ್ಚುತ್ತದೆ. ಪುರಾವೆ ಬೇಕೆಂದು ಕೇಳಿದಾಗೆಲ್ಲ ನಾವು ದೇವರ ಕುರಿತು ಕೇಳುತ್ತಿದ್ದೇವೆ ಎಂದುಕೊಂಡಿದ್ದೆವು. ಕೇಳಬೇಕಾದದ್ದು ಅಕ್ಕನ ಕುರಿತೇ ಆಗಿತ್ತೇನೋ. ಎದುರಿಗೆ ಕೂತು ಅರುವತ್ತು ಎಪ್ಪತ್ತು ವರ್ಷ ಯಾರೊಡನೆಯೋ ಮಾತಾಡಿದ ಹೆಂಗಸು, ಆ ಯಾರೋ ಅವಳಿಗೆ ಹೇಗಿದ್ದರು? ದನಿ ಇತ್ತೆ? ಸಿಟ್ಟು ಮಾಡುತ್ತಿದ್ದರೆ? ಭಾವ ಹೋದ ದಿನ ಆ ಮೌನದಲ್ಲಿ ಇಬ್ಬರಲ್ಲಿ ಯಾರು ಯಾರಿಗೆ ಸಮಾಧಾನ ಹೇಳಿದ್ದು? ಇದಕ್ಕೆ ಯಾವ ಗ್ರಂಥದಲ್ಲೂ ಉತ್ತರ ಸಿಗದು. ಉತ್ತರವಿದ್ದದ್ದು ಒಂದೇ ಕಡೆ. ಅದೂ ಬೆಲ್‌ರೋಸಿನ ಕುರ್ಚಿಯೊಂದರ ಮೇಲೆ, ಸೆರಗಿನಿಂದ ಕೈ ಒರೆಸಿಕೊಂಡು ನಮಗಾಗಿ ಕಾದು ಕೂತಿತ್ತು.

ಅಲ್ಲಿಂದಾಚೆ ಅಕ್ಕ ಆ ಪ್ರಶ್ನೆಯನ್ನು ಆಗಾಗ ಕೇಳುತ್ತಿದ್ದರು. ಇವರು ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಂಡವರಂತೆ ಉತ್ತರ ಕೊಡುತ್ತಿದ್ದರು, ಪ್ರತಿ ಸಲವೂ ಅದಕ್ಕೊಂದು ವಿವರ ಸೇರಿಸುತ್ತಿದ್ದರು: ಹೋಟೆಲು ತೆರೆದ ಮೊದಲ ದಿನ ಅಕ್ಕ ದೇವರಿಗೆ ಏನು ಹೇಳಿದ್ದರು, ಇವರಿಗೆ ವೀಸಾ ಸಿಗಲೆಂದು ಯಾವ ಹರಕೆ ಹೊತ್ತಿದ್ದರು. ಕೇಳುವವರಿಗೆ ಅದು ದೇವರ ವರ್ಣನೆಯೋ ಅಕ್ಕನ ವರ್ಣನೆಯೋ ತಿಳಿಯುತ್ತಿರಲಿಲ್ಲ.

ಇದರಿಂದ ಏನಾಯಿತೆಂದರೆ, ಒಂದು ಸಂಜೆ ಇವರು ಕ್ರ್ಯಾನ್‌ಬರಿಯಿಂದ ಬಂದು ಬೂಟು ಬಿಚ್ಚುತ್ತಿದ್ದಾಗ ಅಕ್ಕ ಎದ್ದು ನಿಂತು ಕೈ ಜೋಡಿಸಿದರು. “ನೀವೇ ಅಲ್ವಾ? ನಂಗೆ ಈಗ ಗುರ್ತ ಸಿಕ್ತು. ದಿನಾ ನನ್ನತ್ರ ಮಾತಾಡುವವ್ರು ನೀವೇ.”

ಇವರು ಒಂದು ಕಾಲಲ್ಲಿ ಬೂಟು ಇರುವಾಗಲೇ ಓಡಿ ಬಂದು ಆ ಜೋಡಿಸಿದ ಕೈಗಳನ್ನು ಬಿಡಿಸಿದರು. “ಅಯ್ಯೋ, ಅಲ್ಲ ಅಕ್ಕ! ನಾನು ಶೀನ.”

“ಶೀನ ಅಂದ್ರೆ ಯಾರು?”

“ನಿನ್ನ ತಮ್ಮ.”

“ನಂಗೆ ತಮ್ಮ ಇಲ್ಲ,” ಎಂದರು ಅಕ್ಕ, ಯಾರ ಮೇಲೂ ಕೋಪವಿಲ್ಲದೆ.

ಆಮೇಲೆ ನಡೆದದ್ದನ್ನು ಹೇಳಲು ನನಗೆ ಕಷ್ಟ. ಇವರು ಗೋಡೆಯಿಂದ ಫೋಟೋ ಕಿತ್ತು ತಂದರು: ಲಂಗದ ಹುಡುಗಿಯ ಸೊಂಟದ ಮೇಲೆ ಕೂತ ಮಗು. ಅಕ್ಕ ಮಗುವನ್ನು ಮೆಚ್ಚಿದರು, ಯಾರದೆಂದು ಕೇಳಿದರು. ಇವರು ತಾಯಿಯ ಹೆಸರು ಹೇಳಿದರು, ಮನೆಯ ಹೆಸರು ಹೇಳಿದರು, ಶಾಲೆಯ ಮೇಷ್ಟ್ರ ಅಡ್ಡಹೆಸರು ಹೇಳಿದರು. ಕೊನೆಗೆ ಕನ್ನಡಕ ತೆಗೆದು, ಬಗ್ಗಿ, ಹಣೆಯನ್ನು ಅಕ್ಕನ ಮುಂದೆ ಹಿಡಿದರು. “ಈ ಕಲೆ ನೋಡು. ಉಯ್ಯಾಲೆ ಜೋರಾಗಿ ತೂಗಿ ಬೀಳಿಸಿದ್ದು ನೀನೇ. ಆಮೇಲೆ ಇಡೀ ದಿನ ನನ್ನನ್ನು ಎತ್ತಿಕೊಂಡೇ ತಿರುಗಿದೆ. ನೆನಪಿಲ್ವಾ?”

ಅಕ್ಕ ಬೆರಳಿನಿಂದ ಆ ಕಲೆಯನ್ನು ಮುಟ್ಟಿದರು. ಅವರ ಕಣ್ಣಲ್ಲಿ ನಿಜವಾದ ಮರುಕವಿತ್ತು. “ಪಾಪ,” ಎಂದರು. “ತುಂಬಾ ನೋವಾಯ್ತಾ ನಿಮ್ಗೆ?”

ನಿಮ್ಗೆ ಎಂದರು. ಹುಟ್ಟಿದಂದಿನಿಂದ ಎತ್ತಿ ಆಡಿಸಿದ ತಮ್ಮನಿಗೆ ಬಹುವಚನ.

ಇವರು ಫೋಟೋವನ್ನು ಮತ್ತೆ ಮೊಳೆಗೆ ನೇತುಹಾಕುತ್ತಾ ನನಗೆ ಬೆನ್ನು ಮಾಡಿಯೇ ಹೇಳಿದರು: “ನಾನು ಇದ್ದೀನಿ ಅಂತ ನನ್ನ ಅಕ್ಕನಿಗೆ ಪ್ರೂವ್ ಮಾಡೋಕಾಗ್ಲಿಲ್ಲ ನೋಡು.”

ಇದ್ದದ್ದೆಲ್ಲ ಗೊತ್ತಾಗಬೇಕೆಂದಿಲ್ಲ, ಸಾಕ್ಷಿಯಿದ್ದದ್ದೆಲ್ಲ ಒಪ್ಪಿತವಾಗಬೇಕೆಂದಿಲ್ಲ ಎಂಬ ಸರಳ ಸಂಗತಿಯನ್ನು ಇದಕ್ಕಿಂತ ಕ್ರೂರವಾಗಿ ಯಾವ ತರ್ಕಶಾಸ್ತ್ರವೂ ಕಲಿಸಲಾರದು. ಇದರಿಂದ ದೇವರು ಉಂಟೆಂದು ಸಾಬೀತಾಯಿತೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮೊದಲು ತಕರಾರು ತೆಗೆಯುವವರು ಇವರೇ. ನಾನು ಕಂಡದ್ದು ಇಷ್ಟು: ಗುರುತು ಸಿಗದೆ ಹೋದ ಮೇಲೂ ಇವರು ಪ್ರತಿದಿನ ಅಕ್ಕನಿಗೆ ತುತ್ತು ಕೊಟ್ಟರು, ತಲೆ ಬಾಚಿದರು, ಕಾಲಿನ ಉಗುರು ಕತ್ತರಿಸಿದರು. ಅಕ್ಕ ಅದನ್ನೆಲ್ಲ ಯಾರೋ ಒಳ್ಳೆಯವರು ಮಾಡುತ್ತಿದ್ದಾರೆಂದು ಸ್ವೀಕರಿಸಿದರು. ಕೆಲವೊಮ್ಮೆ ಆ ಒಳ್ಳೆಯವರಿಗೆ ಕೈ ಮುಗಿದರು. ಇವರು ಬರಬರುತ್ತಾ ಆ ಕೈಗಳನ್ನು ಬಿಡಿಸುವುದನ್ನು ನಿಲ್ಲಿಸಿದರು, ಹಿಡಿದುಕೊಂಡು ಸುಮ್ಮನೆ ಕೂರತೊಡಗಿದರು.

ಕಳೆದ ವಸಂತದಲ್ಲಿ ಅಕ್ಕ ನ್ಯುಮೋನಿಯಾದಿಂದ ತೀರಿಕೊಂಡರು. ಕೊನೆಯ ವಾರಗಳಲ್ಲಿ ಮಾತೇ ಇರಲಿಲ್ಲ. ಕ್ರಿಯೆಗಳನ್ನೆಲ್ಲ ಇವರು ಪುರೋಹಿತರು ಹೇಳಿದಂತೆ ತಪ್ಪದೆ ಮಾಡಿದರು. ನಂಬಿಕೆ ಬಂತೇ ಎಂದು ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಅವಳಿಗೆ ಇದು ಬೇಕಿತ್ತು ಎಂದಷ್ಟೇ ಅಂದರು. ನಾನು ಈಗ ದೀಪ ಹಚ್ಚಿದ ಮೇಲೆ ಒಂದು ಗಳಿಗೆ ನಿಲ್ಲುತ್ತೇನೆ. ಮಾತಾಡಬೇಕೆನಿಸುತ್ತದೆ, ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗುವುದಿಲ್ಲ. ಕಲಿಸಬಲ್ಲವರು ಎರಡು ಚಳಿಗಾಲ ನನ್ನ ಪಕ್ಕದಲ್ಲೇ ನಿಂತಿದ್ದರು.

ಈಚೆಗೆ ನಮ್ಮ ಕನ್ನಡದವರ ರಾಜ್ಯೋತ್ಸವದ ಊಟ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮಧ್ಯಾಹ್ನದ ಊಟ ಮುಗಿದು, ಕಾಗದದ ಲೋಟಗಳಲ್ಲಿ ಕಾಫಿ ಹಿಡಿದು ಜನ ಗುಂಪುಗುಂಪಾಗಿ ನಿಂತಿದ್ದರು. ನಮ್ಮ ಪರಿಚಯದ ನಿಖಿಲ್, ಹಾಸನದ ಹುಡುಗ, ಇಲ್ಲಿಗೆ ಓದಲು ಬಂದು ಈಗ ಕೆಲಸದಲ್ಲಿರುವವನು, ಯಾರ ಜೊತೆಯೋ ಬಿಸಿಬಿಸಿ ಚರ್ಚೆಯಲ್ಲಿದ್ದ. ಇವರನ್ನು ಕಂಡವನೇ ಕೂಗಿದ: “ಅಂಕಲ್, ಕರೆಕ್ಟ್ ಟೈಮಿಗೆ ಬಂದ್ರಿ! ನೀವೇ ಹೇಳಿ, ಗಾಡ್ ಎಕ್ಸಿಸ್ಟೆನ್ಸ್ ಪ್ರೂವ್ ಮಾಡೋಕಾಗತ್ತಾ? ಇವ್ರಿಗೆ ಲಾಜಿಕ್ಕೇ ಅರ್ಥ ಆಗ್ತಿಲ್ಲ.”

ಗುಂಪು ಇವರ ಕಡೆ ತಿರುಗಿತು. ಇವರ ಹಳೆಯ ವಾದಗಳ ರುಚಿ ಬಲ್ಲವರು ಆಗಲೇ ನಗಲು ತಯಾರಾಗಿದ್ದರು. ಇವರು ಕಾಫಿಯನ್ನು ಒಂದು ಗುಟುಕು ಕುಡಿದರು.

“ನಿಮ್ಮ ಮನೇಲಿ ನಂಬೋರು ಯಾರಿದ್ದಾರೆ?”

“ಅಮ್ಮ. ಟೂ ಮಚ್ ಅಂಕಲ್. ಉಪವಾಸ, ವ್ರತ, ಎಲ್ಲಾ.”

“ಅವರನ್ನ ಕೇಳು. ಪ್ರೂವ್ ಮಾಡಿ ಅಂತ ಕೇಳ್ಬೇಡ, ವಾದ ಮಾಡ್ಬೇಡ. ದೇವರು ಅಂದ್ರೆ ನಿಮಗೆ ಏನಮ್ಮಾ ಅಂತ ಕೇಳು. ಅವರು ಹೇಳೋವರೆಗೂ ಸುಮ್ನೆ ಕೂತ್ಕೊ.”

ನಿಖಿಲ್ ನಕ್ಕ. “ಅಂಕಲ್, ನೀವೂ ಸಾಫ್ಟ್ ಆಗ್ಬಿಟ್ರಾ? ಅಮ್ಮ ಹೇಳೋದು ಎವಿಡೆನ್ಸ್ ಆಗತ್ತಾ?”

“ಆಗಲ್ಲ,” ಎಂದರು ಇವರು. “ಆದ್ರೂ ಕೇಳು. ಈಗ್ಲೇ ಫೋನ್ ಮಾಡು.”

ಇವರ ಸ್ವರದಲ್ಲಿ ಏನೋ ಇತ್ತು; ಸುತ್ತಲಿನ ನಗು ಸ್ವಲ್ಪ ಇಳಿಯಿತು. ನಿಖಿಲ್ ಜೇಬಿನಿಂದ ಫೋನು ತೆಗೆದ. ಅವನು ಪರದೆಯನ್ನು ನೋಡಿ, ಮತ್ತೆ ಜೇಬಿಗೆ ಸೇರಿಸಿದ.

“ಅಲ್ಲೀಗ ಮಧ್ಯರಾತ್ರಿ ದಾಟಿದೆ ಅಂಕಲ್, ಅಮ್ಮ ಮಲಗಿರ್ತಾರೆ. ನಾಳೆ ಕೇಳ್ತೀನಿ ಬಿಡಿ,” ಎಂದು, ಅರ್ಧಕ್ಕೆ ನಿಂತ ವಾದಕ್ಕೆ ಮರಳಿದ.